ಗಿರಣಿಯಲ್ಲಿ ಹಾಡದವಳು

ಅಮ್ಮ ಹಳೆಯ ಲಂಗವನ್ನು ಉದ್ದುದ್ದ ಹರಿದು ಕೊಡುತ್ತಿದ್ದಳು. ನಾನು ಆ ಪಟ್ಟಿಗಳನ್ನು ಸುರುಳಿ ಸುತ್ತಿ ನಡುಮನೆಯ ಕಿಟಕಿಯ ಸಂದಿಗೆ ತುರುಕುತ್ತಿದ್ದೆ. ಕಿಟಕಿ ಮುಗಿದ ಮೇಲೆ ಬಾಗಿಲ ಕೆಳಗಿನ ಸಂದಿ, ಅದಾದ ಮೇಲೆ ಗೋಡೆಯಲ್ಲಿ ಮೊಳೆ ಕಿತ್ತು ಉಳಿದಿದ್ದ ತೂತು. ತೂತಿಗೆ ಬಟ್ಟೆ ಒತ್ತುವಾಗ ಅಮ್ಮ ಪಕ್ಕಕ್ಕೆ ಬಂದು ನಿಂತು ನನ್ನ ಬೆರಳನ್ನೇ ನೋಡಿದಳು, ನಾನು ಬೇಕೆಂದೇ ಸಡಿಲವಾಗಿ ತುರುಕುತ್ತೇನೋ ಎನ್ನುವ ಹಾಗೆ. ನಾನು ಕೈ ತೆಗೆದ ಮೇಲೆ ತಾನೂ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಒಳಗಿಂದ ರಾಗಿ ಡಬ್ಬಿ ತಂದು ನನ್ನ ಕೈಗಿಟ್ಟಳು. ಇನ್ನು ಹೊರಡು ಎಂದು ಅದರರ್ಥ. ನಾಗಭೂಷಣ ಮೇಷ್ಟ್ರು ಬರುವ ಹೊತ್ತಾಗಿತ್ತು.

ನಮ್ಮೂರಿನಲ್ಲಿ ಒಂದು ಸಲ ಹೇಳಿದ ಪಾಠ ಒಬ್ಬರ ತಲೆಗೆ ಮಾತ್ರ ಹತ್ತುತ್ತದೆ. ಕೇಳಿಸಿಕೊಂಡವರು ಎಷ್ಟೇ ಜನ ಇರಲಿ, ಒಬ್ಬರಿಗೇ. ಅದು ಯಾರಿಗೆ ಎನ್ನುವುದು ಹೇಳಿದವರಿಗೂ ಗೊತ್ತಾಗುವುದಿಲ್ಲ. ಉಳಿದವರಿಗೆ ಮಾತು ಕೇಳಿಸುತ್ತದೆ, ನಿಲ್ಲುವುದಿಲ್ಲ. ಶಾಲೆಯಲ್ಲಿ ಪಾಠ ಮುಗಿಸಿ ಮೇಷ್ಟ್ರು ಹೊರಗೆ ಹೋದ ಮೇಲೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಾರೆ, ಇವತ್ತು ಯಾರಿಗೆ ಹತ್ತಿತು ಎಂದು. ಹತ್ತಿದವನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಆಟದ ಹೊತ್ತಿನಲ್ಲಿ ಒದೆ ಬೀಳುತ್ತದೆ. ಕಿಟಕಿಯಾಚೆ ಐಸ್‌ಕ್ಯಾಂಡಿ ಮಾರುವವನಿಗೆ ಹತ್ತಿಹೋದ ಪಾಠಗಳೂ ಇವೆ. ಹಾಗಾಗಿ ಕೈಲಾದವರೆಲ್ಲ ಮಕ್ಕಳಿಗೆ ಮನೆಪಾಠ ಇಡಿಸುತ್ತಾರೆ. ಮನೆಪಾಠ ಎಂದರೆ ಒಬ್ಬರು ಮೇಷ್ಟ್ರು, ಒಂದು ಮಗು, ಮುಚ್ಚಿದ ಕೋಣೆ, ನಡುವೆ ಒಂದು ರಬ್ಬರ್ ಕೊಳವೆ. ಮೇಷ್ಟ್ರು ಕೊಳವೆಯ ಒಂದು ತುದಿಯನ್ನು ಬಾಯಿಗಿಟ್ಟುಕೊಂಡು ಹೇಳುತ್ತಾರೆ, ಮಗು ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತದೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ಬಿಡಿಸಿದರು ಎನ್ನುವುದು ಸರಿ. ಅಪ್ಪ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾನೆ. "ಇಬ್ಬರಿಗೂ ಮನೆಪಾಠ ಇಡಿಸೋಕಾಗಲ್ಲ, ಒಂದು ಮನೆಗೆ ಒಂದು ತಲೆ ಸಾಕು" ಎಂದ. ಆ ತಲೆ ತಂಗಿ ಮಯೂರಿಯದು ಎಂದು ತೀರ್ಮಾನವಾಯಿತು. ಮಯೂರಿ ಕೇಳಿದ್ದಕ್ಕೆಲ್ಲ ತಟ್ಟನೆ ಉತ್ತರ ಕೊಡುವವಳು, ಉತ್ತರ ತಪ್ಪಾದರೂ ಸರಿಯೇ. ನನಗೆ ಯಾರಾದರೂ ಎದುರಿಗೆ ನಿಂತು ಮಾತಾಡಿಸಿದರೆ ನಾಲಿಗೆ ಹೊರಳುವುದಿಲ್ಲ. ಅವರ ಕಣ್ಣು ನೋಡಲಾರದೆ ಬಾಯಿಯನ್ನೇ ನೋಡುತ್ತ ನಿಲ್ಲುತ್ತೇನೆ. "ಈ ಹುಡುಗಿಗೆ ಯಾವ ಪಾಠಾನೂ ಹತ್ತಲ್ಲ ಕಣ್ರೀ, ಬರೀ ನನ್ನ ಹಲ್ಲು ನೋಡ್ತಾ ಕೂತಿರ್ತಾಳೆ" ಎಂದು ಟೀಚರು ಅಮ್ಮನ ಹತ್ತಿರ ಹೇಳಿದ್ದರು. ನಾನು ಮನೆಯಲ್ಲಿ ಉಳಿದೆ. ಬಟ್ಟೆ ಒಗೆದೆ, ಪಾತ್ರೆ ತೊಳೆದೆ, ಸಂದಿಗಳಿಗೆ ಬಟ್ಟೆ ತುರುಕಿದೆ.

ಮಯೂರಿ ಹತ್ತನೇ ತರಗತಿಗೆ ಬಂದಾಗ ಮೊದಲು ಆನ್‌ಲೈನ್ ಪಾಠ ಹಿಡಿದರು. ಇಯರ್‌ಫೋನ್ ಸಿಕ್ಕಿಸಿಕೊಂಡರೆ ಕೊಳವೆಯೂ ಬೇಡ, ಬಟ್ಟೆಯೂ ಬೇಡ, ಯಾರನ್ನೂ ಮನೆಯಿಂದ ಆಚೆ ಕಳಿಸುವುದೂ ಬೇಡ. ಫೋನಿನ ಸರ್ "ನಮಸ್ತೆ ಮಯೂರಿ" ಎಂದು ಹೆಸರು ಹಿಡಿದೇ ಶುರು ಮಾಡುತ್ತಿದ್ದರು. ಊರಿನ ಅರ್ಧ ಮನೆಗಳವರು ಮಕ್ಕಳನ್ನು ಅದಕ್ಕೆ ಸೇರಿಸಿದರು. ಯಾವ ಮನೆಯಲ್ಲೂ ಏನೂ ಹತ್ತಿದ ಹಾಗೆ ಕಾಣಲಿಲ್ಲ. ಕೊನೆಗೆ ಎದುರುಮನೆಯ ಕುಸುಮಕ್ಕ ಒಂದು ಸಂಜೆ ಮಗನ ಫೋನನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ನುಗ್ಗಿದಳು. ಎರಡೂ ಫೋನಿನಲ್ಲಿ ಅದೇ ಸರ್, ಅದೇ ಬಿಳಿ ಅಂಗಿ. ಎರಡರಲ್ಲೂ ಒಂದೇ ಸಲ ಕೆಮ್ಮಿದರು. ಹೆಸರನ್ನು ಮಾತ್ರ ಫೋನೇ ಸೇರಿಸಿ ಹೇಳುತ್ತಿತ್ತಂತೆ. ಒಂದೇ ಪಾಠವನ್ನು ಅಷ್ಟೂ ಮನೆಗೆ ಮಾರಿದ್ದರು. ಹಾಗಾದರೆ ಆ ಪಾಠಗಳೆಲ್ಲ ಊರಿನ ಯಾವುದೋ ಒಂದು ಮಗುವಿಗೆ ಹತ್ತಿ ಕೂತಿರಬೇಕಲ್ಲ ಎಂದು ಜನ ಬಹಳ ದಿನ ಆ ಮಗುವನ್ನು ಹುಡುಕಿದರು. ಚೆನ್ನಾಗಿ ಓದುತ್ತಿದ್ದ ಮಕ್ಕಳೆಲ್ಲ ಆಗ ಹೆದರಿ ಬೇಕೆಂದೇ ತಪ್ಪು ಬರೆದರು.

ಆಮೇಲೆ ನಾಗಭೂಷಣ ಮೇಷ್ಟ್ರನ್ನು ಗೊತ್ತು ಮಾಡಿದರು. ಒಳ್ಳೆಯ ಮನುಷ್ಯ. ಬಟ್ಟೆಯ ಚೀಲದಲ್ಲಿ ಕೊಳವೆ ಸುತ್ತಿಟ್ಟುಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಆ ಕೊಳವೆ ಎಷ್ಟೋ ಮಕ್ಕಳ ಕಿವಿ ಕಂಡಿದ್ದು. ನಡುವೆ ಒಂದು ಕಡೆ ತುಂಡಾಗಿ, ಎರಡು ತುಂಡನ್ನು ಒಂದರೊಳಗೊಂದು ತೂರಿಸಿ ದಾರ ಕಟ್ಟಿದ್ದರು. ಆ ಜೋಡಣೆಯ ಹತ್ತಿರ ಮಾತು ಸೋರುತ್ತದೆ, ಪಾಠ ನಡೆಯುವಷ್ಟು ಹೊತ್ತು ಯಾರಾದರೂ ಅಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂರಬೇಕು ಎಂದು ಮೊದಲ ದಿನವೇ ಹೇಳಿದರು.

"ಇವಳು ಹಿಡ್ಕೋತಾಳೆ ಬಿಡಿ" ಎಂದು ಅಪ್ಪ ಅಮ್ಮನನ್ನು ತೋರಿಸಿದ. "ಹೆಣ್ಣುಮಗು ಕೂತ್ಕೊಳ್ಳೋ ಕೋಣೇಲಿ ದೊಡ್ಡೋರು ಅಂತ ಒಬ್ಬರು ಇದ್ದ ಹಾಗೂ ಆಯ್ತು."

"ಅಲ್ಲ, ಅವರಿಗೇ ಹತ್ತಿಬಿಟ್ರೆ?" ಎಂದರು ಮೇಷ್ಟ್ರು.

ಅಪ್ಪ ನಕ್ಕ. "ಇವಳಿಗಾ? ಬ್ಯಾಂಕಿನಲ್ಲಿ ಈಗಲೂ ಹೆಬ್ಬೆಟ್ಟು ಒತ್ತೋಳು ಸ್ವಾಮಿ ಇವಳು."

ಅಮ್ಮನೂ ನಕ್ಕಳು. ಮೇಷ್ಟ್ರು ನಗಲಿಲ್ಲ, ಆದರೆ ಒಪ್ಪಿಕೊಂಡರು.

ಪಾಠದ ಹೊತ್ತಿಗೆ ಬೇಡದ ಕಿವಿಗಳೆಲ್ಲ ಹಿಟ್ಟಿನ ಗಿರಣಿಗೆ ಹೋಗುವುದು ನಮ್ಮೂರಿನ ಪದ್ಧತಿ. ಅಲ್ಲಿಯ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಬೀದಿಯ ಪಾಠ ಎಲ್ಲಿ ಕೇಳಬೇಕು. ಗಿರಣಿಯ ಜಗಲಿಯ ಮೇಲೆ ಸಂಜೆಯಾದರೆ ಅಜ್ಜಿಯರು, ಅತ್ತೆಯರು, ನನ್ನಂಥ ಅಕ್ಕಂದಿರು, ಎಲ್ಲರ ಮಡಿಲಲ್ಲೂ ಒಂದೊಂದು ಡಬ್ಬಿ. ಬೀಸಿದ ಹಿಟ್ಟನ್ನೇ ಮತ್ತೆ ಬೀಸಿಸುವವರೂ ಇದ್ದರು. ನನ್ನ ಪಕ್ಕ ಯಾವಾಗಲೂ ರುದ್ರಜ್ಜಿ ಕೂರುತ್ತಿದ್ದಳು.

"ಇವತ್ತು ನಿಮ್ಮನೇಲಿ ಏನೇ ಪಾಠ?" ಎಂದು ಕಿವಿಯ ಹತ್ತಿರ ಬಂದು ಕೂಗಿದಳು ಅವತ್ತು.

"ವಿಜ್ಞಾನ ಅಜ್ಜಿ."

"ನಮ್ಮನೇಲಿ ಭೂಗೋಳ. ಹೋದ ವರ್ಷ ಮೊಮ್ಮಗಂದು ಅಷ್ಟೂ ನಂಗೇ ಹತ್ತಿಬಿಡ್ತು ನೋಡು. ಆಫ್ರಿಕಾದ ನದಿ ಕೇಳು, ಹೇಳ್ತೀನಿ. ಯಾರೂ ಕೇಳೋದೇ ಇಲ್ಲ. ಸೊಸೆ ಮುಂದೆ ಬಾಯಿ ಬಿಟ್ರೆ ಅವತ್ತು ಮುದ್ದೆಗೆ ಸಾರಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ಗೊರಗೊರ ಎಂದು ನಿಂತಿತು. ಕರೆಂಟು ಹೋದ ತಕ್ಷಣ ಜಗಲಿಯ ಮೇಲಿದ್ದವರೆಲ್ಲ ಗಟ್ಟಿಯಾಗಿ ಹಾಡಬೇಕು. ಯಾವ ಹಾಡಾದರೂ ಸರಿ, ನಾನು ಕೇಳಿಸಿಕೊಳ್ಳುತ್ತಿಲ್ಲ ಎನ್ನುವುದಕ್ಕೆ ಅದು ಗುರುತು. ಒಬ್ಬಳು ದೇವರನಾಮ ಎತ್ತಿದಳು, ಒಬ್ಬಳು ಸೋಬಾನೆ, ರುದ್ರಜ್ಜಿ ಸೋಪಿನ ಜಾಹೀರಾತಿನ ಹಾಡು. ನಾನು ಸುಮ್ಮನೆ ಡಬ್ಬಿಯ ಮುಚ್ಚಳ ನೋಡುತ್ತ ಕೂತಿದ್ದೆ. ಅಷ್ಟು ಜನರ ಮುಂದೆ ಬಾಯಿ ತೆರೆಯುವುದು ನನ್ನಿಂದ ಯಾವತ್ತೂ ಆಗಿಲ್ಲ.

ಕುಸುಮಕ್ಕ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಏನೇ ಭಾನು, ಬಾಯಲ್ಲಿ ಏನಿಟ್ಕೊಂಡಿದೀಯ? ಹಾಡು."

"ನಂಗೆ ಬರಲ್ಲ ಅಕ್ಕ."

"ಬರ್ಲೇಬೇಕಾ? ನಾನು ಇಷ್ಟೊತ್ತು ಅರಚಿದ್ದು ಹಾಡಾ ಅದು?" ಎಂದಳು. ಎಲ್ಲರೂ ನಕ್ಕರು. ನಗು ಮುಗಿದ ಮೇಲೂ ಅವಳು ನನ್ನನ್ನು ನೋಡುತ್ತಿದ್ದಳು. "ಬಾಯಿ ಮುಚ್ಕೊಂಡಿದ್ರೆ ಕಿವಿಗೆ ಅನುಕೂಲ, ಅಲ್ವೇನೆ?"

ನಮ್ಮ ಮನೆಗೂ ಗಿರಣಿಗೂ ನಡುವೆ ಇರುವುದು ಮೂರೇ ಮನೆ.

ನಾನು ಹಿಟ್ಟಿನ ಡಬ್ಬಿ ಹೊತ್ತು ಮನೆಗೆ ಬರುವುದರೊಳಗೆ ಸುದ್ದಿ ಬಂದಾಗಿತ್ತು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು ಮಯೂರಿಯ ಪುಸ್ತಕ ತೆಗೆದುಕೊಂಡು ಕೂತ. ಪಾಠದ ದಿನ ಸಂಜೆ ಅವನು ಹೀಗೆ ಪ್ರಶ್ನೆ ಕೇಳಿ, ಪುಟ ತಿರುವಿ, ಹಿಂದೆ ಅಚ್ಚಾಗಿದ್ದ ಉತ್ತರಕ್ಕೆ ಹೋಲಿಸಿ ನೋಡುತ್ತಿದ್ದ. ತಿಂಗಳುಗಳಿಂದ ಒಂದೂ ಹೋಲುತ್ತಿರಲಿಲ್ಲ.

"ಹೃದಯದಲ್ಲಿ ಎಷ್ಟು ಕೋಣೆ?"

"ಎರಡು" ಎಂದಳು ಮಯೂರಿ. ಅಪ್ಪನ ಮುಖ ನೋಡಿ, "ಒಬ್ಬೊಬ್ಬರಿಗೆ ಮೂರೂ ಇರುತ್ತೆ" ಎಂದು ಸೇರಿಸಿದಳು.

ಅಪ್ಪ ಪುಟ ತಿರುವತೊಡಗಿದ. ಅಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಅವಳ ಬಾಯಿ ತುಸು ತೆರೆದು, ನಾಲಿಗೆ ಮೇಲಕ್ಕೆ ತಾಗಿ, ತುಟಿ ದುಂಡಗಾಗಿ ಮುಚ್ಚಿಕೊಂಡಿತು. ನಾಲ್ಕು. ದನಿ ಇರಲಿಲ್ಲ. ಆಮೇಲೆ ಅಪ್ಪ ಓದಿ ಹೇಳಿದ, "ನಾಲ್ಕು."

ನಾನು ಒಲೆಗೆ ಬೆನ್ನು ಮಾಡಿ ತಟ್ಟೆ ಜೋಡಿಸಿದೆ. ಹಾಗೆ ಏನೋ ಅಂದುಕೊಂಡಿರಬಹುದು, ರೊಟ್ಟಿ ಎಣಿಸಿಕೊಂಡಿರಬಹುದು ಎಂದುಕೊಂಡೆ. ಆದರೆ ಅಲ್ಲಿಂದಾಚೆಗೆ ನಾನು ಪ್ರಶ್ನೆಗಳ ಹೊತ್ತಿನಲ್ಲಿ ಅಮ್ಮನ ಬಾಯಿಯ ಎದುರು ಬರುವ ಹಾಗೆ ಕೂರತೊಡಗಿದೆ. ರಕ್ತ ಎಲ್ಲಿ ಶುದ್ಧವಾಗುತ್ತದೆ ಎಂದು ಅಪ್ಪ ಕೇಳಿದ, ಅಮ್ಮನ ತುಟಿ ಶ್ವಾಸಕೋಶ ಎಂದಿತು. ಗಿಡ ತನ್ನ ಊಟವನ್ನು ಎಲ್ಲಿ ಮಾಡಿಕೊಳ್ಳುತ್ತದೆ ಎಂದು ಕೇಳಿದ, ಎಲೆ ಎಂದಿತು. ಪ್ರತಿ ಸಲವೂ ಪುಟ ತಿರುವುವ ಮೊದಲೇ. ಒಂದು ಸಲ ಅವಳು ತಟ್ಟನೆ ತಲೆಯೆತ್ತಿ ನನ್ನ ನೋಟವನ್ನು ಹಿಡಿದಳು. "ಏನೇ ಹಾಗೆ ಗುಬ್ಬಚ್ಚಿ ನೋಡಿದ ಹಾಗೆ ನೋಡ್ತೀಯ? ಕಾಯಿ ತುರಿ ಹೋಗು" ಎಂದಳು. ಆ ದಿನದಿಂದ ಪ್ರಶ್ನೆಗಳ ಹೊತ್ತಿಗೆ ಅವಳು ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಜಗಿಯುತ್ತಿದ್ದಳು. ಮೊದಲು ಅವಳಿಗೆ ಆ ಅಭ್ಯಾಸ ಇರಲಿಲ್ಲ.

ನಾನು ಅವಳನ್ನು ನೋಡುತ್ತಿದ್ದೆ, ಅಪ್ಪ ನನ್ನನ್ನು ನೋಡುತ್ತಿದ್ದ, ಮಯೂರಿ ಅಪ್ಪನನ್ನು ನೋಡುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತ, ನನ್ನನ್ನು ನೋಡದೆ, "ಭಾನುವಾರ ತಪ್ಪು ಪಾಠ ಇಡಿಸೋಣ. ಯಾರ ಹತ್ತಿರ ಇದೆ ಅಂತ ಗೊತ್ತಾಗ್ಲಿ" ಎಂದ. ಆಮೇಲೆ ಬಾಯಿ ಮುಕ್ಕಳಿಸಿ, "ನಿನ್ನ ಹತ್ತಿರ ಇದ್ರೆ ಚನ್ನಿ ಅತ್ತೆ ಮನೆಗೆ ಹೊರಡು. ಅವಳಿಗೂ ಹಪ್ಪಳದ ಕೆಲಸಕ್ಕೆ ಒಂದು ಜೊತೆ ಕೈ ಬೇಕಂತೆ. ಅಲ್ಲೇ ಎಲ್ಲಾದ್ರೂ ಗಂಡು ನೋಡ್ತಾಳೆ" ಎಂದ.

ಚನ್ನಿ ಅತ್ತೆಯ ಮನೆಗೆ ಹೋದ ಹುಡುಗಿಯರು ನಮ್ಮ ಮನೆತನದಲ್ಲಿ ಇಬ್ಬರಿದ್ದಾರೆ. ಇಬ್ಬರೂ ಹಬ್ಬಕ್ಕೂ ವಾಪಸು ಬಂದಿಲ್ಲ. ಅತ್ತೆ ಮಾತ್ರ ಬರುತ್ತಾಳೆ, ಹಪ್ಪಳ ತರುತ್ತಾಳೆ, ಅವರು ಚೆನ್ನಾಗಿದ್ದಾರೆ ಎನ್ನುತ್ತಾಳೆ.

ತಪ್ಪು ಪಾಠ ಎಂದರೆ ಹೀಗೆ. ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ಎಲ್ಲರ ಮುಂದೆ ಒಂದೊಂದು ಹಿಡಿ ಬೆಳ್ಳುಳ್ಳಿ ಸುರಿಯುತ್ತಾರೆ. ಎಲ್ಲರೂ ಬಿಡಿಸುತ್ತ ಇರಬೇಕು. ಮೇಷ್ಟ್ರು ಪಾಠವನ್ನು ತಪ್ಪು ತಪ್ಪಾಗಿ ಹೇಳುತ್ತ ಹೋಗುತ್ತಾರೆ. ಯಾರಿಗೆ ಪಾಠ ಹತ್ತಿದೆಯೋ ಅವರಿಗೆ ಅದು ಸಹಿಸುವುದಿಲ್ಲ, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ, ಕೈ ನಿಂತುಬಿಡುತ್ತದೆ. ನೋಡುವುದಕ್ಕೆ ಹೊರಗಿನವರು ಒಬ್ಬರಿರಬೇಕು. ನಮ್ಮ ಮನೆಗೆ ಕುಸುಮಕ್ಕ ಬಂದಳು. ಕರೆಯುವ ಮೊದಲೇ ತಲೆ ಬಾಚಿಕೊಂಡು ಹೂ ಮುಡಿದು ಕೂತಿದ್ದಳಂತೆ.

ಅಪ್ಪ, ಅಮ್ಮ, ನಾನು, ಮಯೂರಿ ಗೋಡೆಗೆ ಒರಗಿ ಕೂತೆವು. ಅಮ್ಮನ ಬಾಯಲ್ಲಿ ಎಲೆಅಡಿಕೆ ಇತ್ತು.

"ಗಿರಿಜಕ್ಕ, ಅದನ್ನ ಉಗಿದು ಬನ್ನಿ. ನಿಯಮ ಅಂದ್ರೆ ನಿಯಮ" ಎಂದಳು ಕುಸುಮಕ್ಕ.

"ನನ್ನದೇನೇ ಇದೆ, ನಾನೂ ಲೆಕ್ಕಕ್ಕಾ?"

"ಲೆಕ್ಕಕ್ಕಿಲ್ಲ ಬಿಡಿ. ಆದ್ರೂ ಉಗಿದು ಬನ್ನಿ."

ಅಮ್ಮ ಎದ್ದು ಹೋಗಿ ಬಾಯಿ ತೊಳೆದು ಬಂದು ಕೂತಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರಿಗೆ ಈ ಕೆಲಸ ಇಷ್ಟವಿದ್ದ ಹಾಗೆ ಕಾಣಲಿಲ್ಲ. ಯಾರ ಮುಖವನ್ನೂ ನೋಡದೆ ಸೂರಿನ ಕಡೆ ನೋಡುತ್ತ ಶುರು ಮಾಡಿದರು. "ಮನುಷ್ಯನ ಹೃದಯದಲ್ಲಿ ಮೂರು ಕೋಣೆ ಇರ್ತವೆ."

ಬೆಳ್ಳುಳ್ಳಿ ಸಿಪ್ಪೆಯ ಚರಚರ ಸದ್ದು ಹಾಗೇ ಇತ್ತು.

"ಮೈಯಿಂದ ಬರೋ ಕೆಟ್ಟ ರಕ್ತ ಎಡಗಡೆ ಕೋಣೆಗೆ ಸೇರುತ್ತೆ. ಅಲ್ಲಿಂದ ಸೀದಾ ಹೊಟ್ಟೆಗೆ ಹೋಗಿ ಶುದ್ಧ ಆಗುತ್ತೆ."

ಮಯೂರಿ ಹೌದು ಎನ್ನುವ ಹಾಗೆ ತಲೆಯಾಡಿಸುತ್ತ ಬಿಡಿಸುತ್ತಿದ್ದಳು. ಅಪ್ಪನಿಗೆ ಸಿಪ್ಪೆ ಸುಲಿಯಲು ಬರುತ್ತಿರಲಿಲ್ಲ, ಉಗುರಿನ ಕಪ್ಪು ಎಸಳಿಗೆ ಮೆತ್ತಿಕೊಳ್ಳುತ್ತಿತ್ತು. ನನಗೆ ಯಾವ ಮಾತೂ ಚುಚ್ಚಲಿಲ್ಲ. ಮೂರು ಎಂದರೂ ಸರಿ, ಮುನ್ನೂರು ಎಂದರೂ ಸರಿ. ನನ್ನ ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ಗಿಡದ ಎಲೆ ಬರೀ ಅಂದಕ್ಕೆ. ಊಟ ತಯಾರಾಗೋದು ಬೇರಿನಲ್ಲಿ, ಕತ್ತಲಲ್ಲಿ."

ಆಗ ನನ್ನ ಪಕ್ಕದಲ್ಲಿ ಏನೋ ಆಯಿತು. ಅಮ್ಮನ ಕೈ ನಿಂತಿರಲಿಲ್ಲ. ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಅವಳ ಬೆರಳಿನಲ್ಲಿದ್ದ ಎಸಳಿಗೆ ಸಿಪ್ಪೆಯೇ ಇರಲಿಲ್ಲ. ಸುಲಿದಾಗಿದ್ದ ಎಸಳನ್ನೇ ಮತ್ತೆ ಸುಲಿಯುತ್ತಿದ್ದಳು, ಉಗುರು ಒಳಕ್ಕೆ ಇಳಿದು ಎಸಳು ಜಜ್ಜಿಹೋಗುತ್ತಿತ್ತು. ನಾನು ಅವಳ ಬಾಯಿ ನೋಡಿದೆ. ತುಟಿಗಳನ್ನು ಒಳಕ್ಕೆ ಎಳೆದುಕೊಂಡು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಅಷ್ಟು ಬಿಗಿಯಾಗಿ ಮುಚ್ಚಿದ ಬಾಯಿಯನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಿಂತೋಯ್ತು" ಎಂದಳು ಕುಸುಮಕ್ಕ. "ನೋಡಿ, ಭಾನು ಕೈ ನಿಂತೋಯ್ತು."

ನಾನು ಕೆಳಗೆ ನೋಡಿಕೊಂಡೆ. ನಿಂತಿತ್ತು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಹಾಗಾದ್ರೆ ಸರಿಯಾಗಿದ್ದು ಯಾವುದು, ಹೇಳಮ್ಮ."

"ಗೊತ್ತಿಲ್ಲ ಸರ್."

"ಗೊತ್ತಿಲ್ದೆ ಕೈ ಯಾಕೆ ನಿಲ್ಲಿಸ್ದೆ?"

ಅಮ್ಮನನ್ನು ನೋಡುತ್ತಿದ್ದೆ ಎಂದು ಹೇಳಬಹುದಿತ್ತು. ಹೇಳಿದರೆ ಎಲ್ಲರೂ ಅವಳ ಕಡೆ ತಿರುಗುತ್ತಾರೆ, ಜಜ್ಜಿದ ಎಸಳು ಇನ್ನೂ ಅವಳ ಕೈಯಲ್ಲೇ ಇದೆ. ಮಗಳ ಪಾಠ ತಿಂದ ತಾಯಿ ಎಂದು ಕುಸುಮಕ್ಕ ಗಿರಣಿ ಮುಟ್ಟುವುದರೊಳಗೆ ಊರು ಹೇಳುತ್ತದೆ. ಅವಳೇ ಹೇಳಲಿ ಎಂದು ಕಾದೆ. ಅಮ್ಮ ನನ್ನ ಮುಂದಿನ ಸಿಪ್ಪೆಯನ್ನೂ ತನ್ನ ಮುಂದಿನ ಸಿಪ್ಪೆಯನ್ನೂ ಮೊರಕ್ಕೆ ಬಳಿದು ಹಾಕಿದಳು. ಜಜ್ಜಿದ ಎಸಳೂ ಅದರೊಳಗೆ ಹೋಯಿತು.

"ಅಷ್ಟು ಬೇಕಿದ್ರೆ ಕೇಳ್ಬಾರ್ದಿತ್ತೇನೆ ಅಕ್ಕ?" ಎಂದಳು ಮಯೂರಿ. ಅವಳಿಗೆ ಕೋಪ ಬಂದಿರಲಿಲ್ಲ, ಅಳು ಬಂದಿತ್ತು. "ಕೊಳವೇನ ನಿನ್ನ ಕಿವಿಗೇ ಇಟ್ಟು ನಾನು ನಿದ್ದೆ ಮಾಡ್ತಿದ್ದೆ."

ಅಪ್ಪ ಎದ್ದು ಅಂಗಿ ಹಾಕಿಕೊಂಡು ಬಸ್ಸಿನ ಹೊತ್ತು ವಿಚಾರಿಸಲು ಹೋದ. ಬಾಗಿಲು ದಾಟುವಾಗ ಮೇಷ್ಟ್ರಿಗೆ, "ನಾಳೆಯಿಂದ ಪಾಠ ಹತ್ತುತ್ತೆ ಬಿಡಿ ಇನ್ನು" ಎಂದ.

ಅವತ್ತು ಸಂಜೆ ಅಮ್ಮ ನನ್ನ ಚೀಲ ತುಂಬಿದಳು. ಹಿಡಿ ಕಿತ್ತುಹೋಗಿತ್ತು, ಹೊಲಿಯಲು ಕೂತಳು. ಅಪ್ಪ ಅಂಗಡಿಯಲ್ಲಿದ್ದ. ಮಯೂರಿ ಬಾಗಿಲ ಚೌಕಟ್ಟಿಗೆ ಒರಗಿ ಹೊರಗೆ ನೋಡುತ್ತ ನಿಂತಿದ್ದಳು, ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನಾನು ಅಮ್ಮನ ಎದುರು ಕೂತೆ.

"ನಾನು ನಿನ್ನ ಬಾಯಿ ನೋಡಿದೀನಮ್ಮ" ಎಂದೆ.

"ಬಾಯಿ ನೋಡಿದ್ರೆ ಏನು ಕಾಣುತ್ತೆ, ಹಲ್ಲು ಕಾಣುತ್ತೆ."

"ನಾಲ್ಕು ಅಂದೆ ನೀನು. ಅಪ್ಪ ಓದೋಕೆ ಮುಂಚೆ."

ಸೂಜಿ ಒಂದು ಕ್ಷಣ ಬಟ್ಟೆಯೊಳಗೇ ಉಳಿಯಿತು. ಅವಳು ಮಯೂರಿಯ ಬೆನ್ನನ್ನು ನೋಡಿದಳು, ಬೀದಿಯನ್ನು ನೋಡಿದಳು, ಎದುರುಮನೆಯ ಕಿಟಕಿಯನ್ನು ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಾನು ಬೇಕು ಅಂತ ಕೇಳಿಲ್ಲ ಕಣೆ. ಕೊಳವೆ ಹಿಡ್ಕೊಂಡು ಕೂತಿದ್ದೆ. ಕೈಯಲ್ಲೇ ಹತ್ತಿ ಬಂತು, ಬಿಸಿ ಹತ್ತಿದ ಹಾಗೆ" ಎಂದಳು.

"ಅಪ್ಪಂಗೆ ಹೇಳು."

"ಹೇಳಿದ್ರೆ ನಾಳೆಯಿಂದ ನನ್ನನ್ನೂ ಗಿರಣಿಗೆ ಕಳಿಸ್ತಾರೆ."

"ಕಳಿಸ್ಲಿ."

ಅಮ್ಮ ದಾರ ಎಳೆದಳು. ಮುಖದಲ್ಲಿ ನಾಚಿಕೆಯೂ ಇತ್ತು, ಇನ್ನೇನೋ ಇತ್ತು. ಹಬ್ಬದ ದಿನ ಎಲ್ಲರ ಊಟ ಆದ ಮೇಲೆ ಒಬ್ಬಳೇ ಕೂತು ಉಣ್ಣುವಾಗ ಅವಳ ಮುಖ ಹಾಗಿರುತ್ತದೆ. "ನಾಳೆ ಬೆಳಕಿನ ಪಾಠ ಶುರು ಮಾಡ್ತಾರಂತೆ" ಎಂದಳು. "ಆಕಾಶ ಯಾಕೆ ನೀಲಿ ಅನ್ನೋದೂ ಅದರಲ್ಲೇ ಇದೆಯಂತೆ. ಆಮೇಲೆ ಕರೆಂಟಿಂದು." ಇನ್ನೊಂದು ಹೊಲಿಗೆ ಹಾಕಿ, "ಪರೀಕ್ಷೆ ಮುಗಿದ ಮೇಲೆ ನಿನ್ನ ಕರೆಸ್ಕೋತೀನಿ" ಎಂದಳು. ಹಾಗೆ ಹೇಳುವಾಗ ಅವಳ ಬಾಯಿಯನ್ನು ನೋಡಿದೆ. ಅದು ನಿಜವೋ ಅಲ್ಲವೋ ತಿಳಿಯಲಿಲ್ಲ.

ಚೀಲದ ಹಿಡಿ ಗಟ್ಟಿಯಾಗಿತ್ತು. ಅವಳು ದಾರ ತುಂಡರಿಸಲು ಅದನ್ನು ಹಲ್ಲಿನ ನಡುವೆ ಇಟ್ಟುಕೊಂಡಳು. ಬಾಗಿಲಲ್ಲಿ ಮಯೂರಿ ಅಲ್ಲಾಡದೆ ನಿಂತಿದ್ದಳು.

"ಹೇಗೂ ಕದ್ದೋಳು ಅಂತ ಆಯ್ತಲ್ಲಮ್ಮ" ಎಂದೆ. "ನಾಳೆ ಹೊರಡೋದ್ರೊಳಗೆ ಒಂದು ಪಾಠ ನಂಗೆ ಹೇಳ್ಕೊಡು. ಹೃದಯದ್ದೇ ಆಗ್ಲಿ. ಒಂದು ಸಲ ಹೇಳಿದ್ರೆ ಸಾಕು."